ಉಡಚಮ್ಮ ಬೇಕಾದ್ದಕ್ಕಿಂತ ಹೆಚ್ಚು ಕಲಿತದ್ದಕ್ಕೆ ಕ್ಷಮೆ ಕೋರಿ

ಗೆ,
ಮಕ್ಕಳ ಕಲಿಕಾ ಸಪ್ತಾಹದ ಮಾನ್ಯ ಸಂಚಾಲಕರು,
ಚನ್ನಗಿರಿ.

ಇಂದ,
ಸಣ್ಣಪ್ಪ, ಕಾಲುವೆ ಸೌಡಿ,
ಸೂಳೆಕೆರೆ ಬಯಲು, ಚನ್ನಗಿರಿ ತಾಲ್ಲೂಕು.
ಡಿಸೆಂಬರ್ ೧೯೭೯

ಮಾನ್ಯರೇ,

ತಮಗೂ ತಮ್ಮ ಮನೆಯವರಿಗೂ ತಮ್ಮ ಜೀಪಿಗೂ, ಆ ಜೀಪು ನಮ್ಮ ಕಾಲುವೆ ಬದಿಯ ಕೆಸರಿನಲ್ಲಿ ಹೂತುಕೊಂಡಾಗ ಅದನ್ನು ಎತ್ತಿ ದಾರಿಗೆ ತಂದ ನಮ್ಮ ಕೇರಿಯ ಗಂಡಸರ ಹೆಗಲುಗಳಿಗೂ ಸಕಲ ಸೌಖ್ಯವನ್ನು ಹಾರೈಸಿ, ತಮ್ಮಂಥ ವಿದ್ಯಾವಂತರು ನಮ್ಮ ಊರಿಗೆ ಬಂದು ನಮ್ಮ ಮಕ್ಕಳ ಕಣ್ಣು ತೆರೆಸಿದ್ದಕ್ಕೆ ಮೊದಲು ವಂದನೆ ಸಲ್ಲಿಸಿ, ಆ ಕಣ್ಣುಗಳು ತಾವು ಅಂದುಕೊಂಡದ್ದಕ್ಕಿಂತ ತುಸು ಹೆಚ್ಚೇ ತೆರೆದುಕೊಂಡದ್ದಕ್ಕೆ ಕ್ಷಮೆ ಬೇಡುವ ಸಲುವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಹೆಡ್‌ಮಾಸ್ತರರಾದ ತಿಪ್ಪೇಶಪ್ಪನವರ ಮೂಲಕ ತಾವು ಹೇಳಿಕಳಿಸಿದ ಮಾತು ನನಗೆ ಮುಟ್ಟಿದೆ. ನನ್ನ ಮಗಳು ಉಡಚಮ್ಮ ತುಂಬಿದ ಸಭೆಯಲ್ಲಿ ಊರ ಹಿರಿಯರಿಗೆ ಅವಮಾನ ಮಾಡಿದ್ದಾಳೆಂದೂ, ಅವಮಾನ ಎಲ್ಲರೆದುರು ಆದ್ದರಿಂದ ಕ್ಷಮಾಪಣೆಯೂ ಎಲ್ಲರಿಗೂ ತಿಳಿಯುವಂತೆ ಬರಹದಲ್ಲಿ ಇರಬೇಕೆಂದೂ ತಾವು ಅಪ್ಪಣೆ ಮಾಡಿದ್ದೀರಿ. ಎಲ್ಲರಿಗೂ ತಿಳಿಯಬೇಕೆಂದರೆ ಪತ್ರಿಕೆಗೆ ಕೊಡುವುದೇ ಸರಿಯೆಂದು ತೋರಿ ಅಲ್ಲಿಗೇ ಕೊಟ್ಟಿದ್ದೇನೆ. ನಾನು ಏಳನೆಯ ತರಗತಿಯವರೆಗೆ ಮಾತ್ರ ಓದಿದವನಾದ್ದರಿಂದ ಒತ್ತಕ್ಷರ ತಪ್ಪಿದ್ದರೆ ತಾವು ತಿದ್ದಿಕೊಳ್ಳಬೇಕು. ಸಂಗತಿ ತಪ್ಪಿದ್ದರೆ ಊರವರು ತಿದ್ದುತ್ತಾರೆ.

ತಮಗೆ ನನ್ನ ಗುರುತು ಹತ್ತಲಿಕ್ಕಿಲ್ಲ. ಸೂಳೆಕೆರೆಯಿಂದ ಬರುವ ಕಾಲುವೆಯ ತೂಬುಗಳನ್ನು ತೆಗೆದು, ಹೊಲಗಳಿಗೆ ನೀರು ಬಿಟ್ಟು, ಮತ್ತೆ ಮುಚ್ಚುವ ಕೆಲಸ ನನ್ನದು. ಸರ್ಕಾರ ಇದಕ್ಕೆ ಸಂಬಳವನ್ನೂ ಒಂದು ಖಾಕಿ ಅಂಗಿಯನ್ನೂ ಕೊಟ್ಟಿದೆ. ಹೆಂಡತಿ ಅಂಜಮ್ಮ ನಾಟಿಗೂ ಕಳೆಗೂ ಹೋಗುತ್ತಾಳೆ. ತಾಯಿ ದುರುಗಮ್ಮ ಕೆರೆಯಲ್ಲಿ ಮೀನು ಹಿಡಿಯುವವರಿಂದ ಮೀನು ತಂದು ಮಾರುತ್ತಾಳೆ. ಮಗಳು ಉಡಚಮ್ಮ ನಾಲ್ಕನೆಯ ತರಗತಿ. ಮಾತು ಕಡಿಮೆ, ಆದರೆ ಕಂಡದ್ದನ್ನು ಕಂಡ ಹಾಗೆಯೇ ಹೇಳಿಬಿಡುವ ಒಂದು ದೋಷ ಅವಳಲ್ಲಿ ಹುಟ್ಟಿನಿಂದಲೂ ಇದೆ. ಆದರೂ ತಾವು ಬರುವ ತನಕ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಏನನ್ನು ಕಂಡೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಮಕ್ಕಳ ದಿನಾಚರಣೆಯಂದು ತಾವು ನಮ್ಮ ಶಾಲೆಯ ಅಂಗಳದಲ್ಲಿ ಮಾಡಿದ ಭಾಷಣ ನಮ್ಮ ಕೇರಿಯ ಹೆಂಗಸರಿಗೆ ಇಂದಿಗೂ ಬಾಯಿಪಾಠವಾಗಿದೆ. ಇದು ಲೋಕವೆಲ್ಲ ಮಕ್ಕಳಿಗಾಗಿ ಎತ್ತಿಟ್ಟ ವರ್ಷವೆಂದು ತಾವು ತಿಳಿಸಿದಿರಿ. ಮಗುವನ್ನು ನಾಲ್ಕು ಗೋಡೆಯ ನಡುವೆ ಕೂಡಿಹಾಕಬೇಡಿ, ಊರೇ ಪುಸ್ತಕ, ಊರವರೆಲ್ಲ ಅದರ ಪುಟಗಳು, ಈ ಒಂದು ವಾರ ನೀವು ಹೋದಲ್ಲಿಗೆಲ್ಲ ಮಗುವನ್ನು ಕರೆದೊಯ್ಯಿರಿ, ಅದು ಕೇಳಿದ್ದಕ್ಕೆಲ್ಲ ಗದರದೆ ನಿಜವಾದ ಉತ್ತರ ಕೊಡಿ, ತಾಯಂದಿರೂ ಬಿಡುವಾದಾಗ ಶಾಲೆಗೆ ಬಂದು ಮಕ್ಕಳ ಪಕ್ಕದಲ್ಲಿ ಕೂತುಕೊಳ್ಳಿ ಎಂದಿರಿ. ಹಾಗೆನ್ನುತ್ತ ತಾವು ಕರವಸ್ತ್ರ ತೆಗೆದಿರಿ; ಅದನ್ನು ನೋಡಿ ನನ್ನ ತಾಯಿಯೂ ಸೆರಗಿನಿಂದ ಮೂಗು ಒರೆಸಿಕೊಂಡಳು. ವಾರದ ಕೊನೆಗೆ ತಾವೇ ಮತ್ತೆ ಬರುವುದಾಗಿಯೂ, ಪ್ರತಿಯೊಂದು ಮಗುವೂ ತಾನು ಊರಿನಲ್ಲಿ ಕಲಿತದ್ದನ್ನು ವೇದಿಕೆಯ ಮೇಲೆ ನಿಂತು ಹೇಳಬೇಕೆಂದೂ ಅಪ್ಪಣೆಯಾಯಿತು. ಮಾನ್ಯರೇ, ನಮ್ಮದು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಜನ. ಈ ಅವಾಂತರಕ್ಕೆಲ್ಲ ಮೂಲ ಕಾರಣ ಅದೇ.

ಮರುದಿನ ಉಡಚಮ್ಮ ನನ್ನೊಡನೆ ತೂಬಿನ ಬಳಿಗೆ ಬಂದಳು. ತಿರುಪಿನ ಕಬ್ಬಿಣವನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದಳು. ನೀರು ಹೊರಳಿ ಬಂದಾಗ ಕುಣಿದಳು. ಅಜ್ಜಿಯ ಪಕ್ಕದಲ್ಲಿ ಕೂತು ಬೂದಿ ಹಾಕಿ ಮೀನು ಉಜ್ಜುವುದನ್ನು ಕಲಿತು, ಕೈಗೆ ಮುಳ್ಳು ಚುಚ್ಚಿಸಿಕೊಂಡಳು. ಇಲ್ಲಿಯವರೆಗೆ ಎಲ್ಲವೂ ತಮ್ಮ ಸಪ್ತಾಹದ ಘನತೆಗೆ ತಕ್ಕಂತೆಯೇ ನಡೆದಿತ್ತು. ಆಮೇಲೆ ಅಂಜಮ್ಮ ಅವಳನ್ನು ಮುರುಗೇಶಪ್ಪನವರ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದಳು.

ಗಿರಣಿಯ ಬಾಗಿಲ ಹೊರಗೆ ನಮ್ಮವರ ರಾಗಿ ಚೀಲಗಳು ಒಂದು ಕಡೆ ಇರುತ್ತವೆ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನ ದಾಟಿದರೂ ಅಲ್ಲೇ ಇರುತ್ತದೆ. ಅಲ್ಲಿ ನಿಂತು ನಿಂತು ಉಡಚಮ್ಮ ಕೇಳಿದಳಂತೆ: "ಅವ್ವಾ, ನಾವು ಮೊದ್ಲೇ ಬಂದಿವಲ್ಲ, ಆಮ್ಯಾಲೆ ಬಂದೋರ್ದು ಯಾಕೆ ಮೊದ್ಲು ಬೀಸ್ತಾರೆ?"

ಬೇರೆ ಯಾವ ದಿನವಾದರೂ ಅಂಜಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ತಮ್ಮ ಭಾಷಣ ಅವಳ ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು. "ನಾವು ಹಟ್ಟಿಯೋರು ಕಣವ್ವ. ನಮ್ದು ಕಡೀಗೆ" ಎಂದಳು.

"ಹಂಗಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಹಂಗೇ ಐತೆ."

ಇನ್ನೊಂದು ದಿನ ನಾನು ಖಾಕಿ ಅಂಗಿಯಲ್ಲೇ ಅವಳನ್ನು ಬಸ್ಸು ನಿಲ್ಲುವ ಕಡೆಯ ಹೋಟೆಲಿಗೆ ಕರೆದೊಯ್ದೆ. ಹೋಟೆಲೆಂದರೆ ಹೋಟೆಲಿನ ಹೊರಗೆ. ಗೋಡೆಯ ಗೂಡಿನಲ್ಲಿ ನಮಗಾಗಿ ಇಟ್ಟ ಲೋಟವಿದೆ. ಅದನ್ನು ತೆಗೆದು ನೀಡಿದರೆ ಮೇಲಿನಿಂದ ಟೀ ಸುರಿಯುತ್ತಾರೆ; ಕುಡಿದು, ತೊಳೆದು, ಗೂಡಿನಲ್ಲಿಟ್ಟು ಬರಬೇಕು. ನಾನು ತೊಳೆಯುವುದನ್ನು ನೋಡುತ್ತ ನಿಂತವಳು, "ಈ ಲೋಟ ನಿಂದಾ ಅಪ್ಪಾಜಿ?" ಅಂದಳು. ಅಲ್ಲ ಅಂದೆ. "ಮತ್ತೆ ನೀನ್ಯಾಕೆ ತೊಳಿತೀಯ? ಒಳಗೆ ಕುಂತೋರು ಯಾರೂ ತೊಳಿತಿಲ್ಲ."

ನಿಜವಾದ ಉತ್ತರ ಕೊಡಬೇಕೆಂದು ತಾವು ಹೇಳಿದ್ದಿರಲ್ಲ, ಕೊಟ್ಟೆ. ಹೋಟೆಲಿನಿಂದ ಮನೆಯವರೆಗೆ ಕಾಲುವೆ ಏರಿಯ ಮೇಲೆ ನಡೆಯುತ್ತ, ನನಗೆ ನನ್ನಪ್ಪ ಹೇಳದೆ ಬಿಟ್ಟದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ನನ್ನ ಬೆರಳು ಹಿಡಿದು ಕೇಳಿಸಿಕೊಂಡಳು. ಭಾಷಣ ಮಾಡುವುದು ಎಷ್ಟು ಸುಲಭವೋ ಅದರಂತೆ ನಡೆಯುವುದು ಅಷ್ಟೇ ಕಷ್ಟವೆಂಬ ಜ್ಞಾನ ನನಗೆ ಆ ದಿನ ಲಭಿಸಿತು; ಇದೂ ತಮ್ಮಿಂದಲೇ.

ಇನ್ನು ಸಮಾರೋಪದ ದಿನದ ಸಂಗತಿ ತಮಗೆ ಗೊತ್ತೇ ಇದೆ, ಆದರೂ ಅಂದು ತಾವು ಹೆಚ್ಚು ಹೊತ್ತು ಗಡಿಯಾರವನ್ನೇ ನೋಡುತ್ತಿದ್ದುದರಿಂದ ಕೆಲವು ವಿವರಗಳು ತಪ್ಪಿಹೋಗಿರಬಹುದೆಂದು ನೆನಪಿಸುತ್ತಿದ್ದೇನೆ. ಶಾಮಿಯಾನಕ್ಕೂ ಬಾಳೆಹಣ್ಣಿಗೂ ಖರ್ಚು ಕೊಟ್ಟ ದಾನಿಗಳಾದ್ದರಿಂದ ಗಿರಣಿಯ ಮುರುಗೇಶಪ್ಪನವರೂ ಹೋಟೆಲಿನವರೂ ತಮ್ಮ ಎಡಬಲಕ್ಕೆ ಕೂತಿದ್ದರು. ಮೊದಲು ಮುರುಗೇಶಪ್ಪನವರ ಮಗಳು ಪ್ರೇಮ ಬಂದಳು. ಉಡಚಮ್ಮನ ತರಗತಿಯವಳೇ. ಹಾಲಿಗೆ ಹೆಪ್ಪು ಹಾಕಿದ್ದು, ಮೊಸರು ಕಡೆದದ್ದು, ಬೆಣ್ಣೆ ತೇಲಿ ಬಂದದ್ದನ್ನು ಚಂದವಾಗಿ ಹೇಳಿದಳು. ತಾವು ಚಪ್ಪಾಳೆ ತಟ್ಟಿದಿರಿ, ನಾವೂ ತಟ್ಟಿದೆವು. ಆ ಮಗು ನಿಜವಾಗಿಯೂ ಚೆನ್ನಾಗಿ ಹೇಳಿತು. ಆಮೇಲೆ ಉಡಚಮ್ಮ.

"ನಾನು ಅಪ್ಪನ ಜತೆ ತೂಬಿಗೆ ಹೋಗಿದ್ದೆ. ನೀರು ಬಿಡಾಕೆ ಕಲಿತೆ. ಅಜ್ಜಿ ಮೀನು ತೊಳಿಯಾಕೆ ಕಲಿಸ್ತು. ಗಿರಣ್ಯಾಗೆ ನಮ್ಮ ರಾಗಿ ಎಲ್ಲರದ್ದೂ ಆದ ಮ್ಯಾಲೆ ಬೀಸ್ತಾರೆ ಅಂತ ಕಲಿತೆ. ಹೋಟ್ಲಾಗೆ ನಮ್ಮ ಲೋಟ ಹೊರಗೆ ಇರ್ತೈತೆ, ಕುಡಿದು ನಾವೇ ತೊಳಿಬೇಕು ಅಂತ ಕಲಿತೆ. ಯಾಕೆ ಅಂತ ಅವ್ವನ್ನ ಕೇಳಿದೆ, ಅಪ್ಪನ್ನ ಕೇಳಿದೆ. ಮೊದ್ಲಿಂದ ಹಂಗೇ ಐತೆ ಅಂದ್ರು, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಸಾಹೇಬ್ರು ಬಾಳ ಓದ್ಯಾರೆ, ಅವರಿಗೆ ಗೊತ್ತಿರ್ತೈತೆ."

ಹೀಗೆಂದು ಕೈ ಮುಗಿದಳು. ಮುಗಿದು ಅಲ್ಲೇ ನಿಂತಳು. ಮಾನ್ಯರೇ, ತಾವು ಇದನ್ನು ಉದ್ಧಟತನ ಎಂದು ತಿಳಿದಿರಂತೆ. ಹಾಗಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ನಿಲ್ಲಬೇಕೆಂದು ಅವಳು ತಿಳಿದಿದ್ದಳು, ಅಷ್ಟೇ. ಹಿಂದೆ ನಿಂತಿದ್ದ ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡು ಬರೋಣವೆಂದು ಹೆಜ್ಜೆ ಇಟ್ಟಾಗ ಅಂಜಮ್ಮ ನನ್ನ ತೋಳು ಹಿಡಿದಳು. "ಸುಮ್ನೆ ನಿಂತ್ಕಳ್ರಿ. ಸಾಹೇಬ್ರು ಏನೋ ಹೇಳ್ತಾರೆ" ಎಂದಳು. ತಾವು ಹೇಳುತ್ತೀರೆಂದು ಅವಳು ನಿಜವಾಗಿ ನಂಬಿದ್ದಳು. ಹೆಡ್‌ಮಾಸ್ತರರು ಎದ್ದು "ಸಾಕಮ್ಮ, ಇಳಿ" ಎಂದರೆ, "ಸಾಹೇಬ್ರು ಇನ್ನೂ ಹೇಳಿಲ್ಲ ಸಾ" ಎಂಬ ಉತ್ತರ ಬಂತು. ಆಗ ಅವರು ಶಾಲೆಯ ಡೋಲು ಬಾರಿಸುವವರಿಗೆ ಕಣ್ಸನ್ನೆ ಮಾಡಿದರು, ಡೋಲು ಬಡಿಯತೊಡಗಿತು, ಆ ಸದ್ದಿನಲ್ಲಿ ತಾವು ಪ್ರೇಮಳಿಗೆ ಕಂಪಾಸ್ ಪೆಟ್ಟಿಗೆಯ ಬಹುಮಾನ ಕೊಟ್ಟಿರಿ. ನನ್ನ ಮಗಳು ಡೋಲು ನಿಲ್ಲುವವರೆಗೂ ವೇದಿಕೆಯ ಮೂಲೆಯಲ್ಲಿ ಕಾದು, ತಮ್ಮ ಜೀಪು ಹೊರಟ ಮೇಲೆ ಇಳಿದಳು.

ತಮ್ಮ ಸಪ್ತಾಹದ ಫಲ ನಮ್ಮ ಊರಿಗೆ ಬಹಳ ಬೇಗ ದಕ್ಕಿತು. ಹೋಟೆಲಿನವರು ಗೂಡಿನಲ್ಲಿದ್ದ ಲೋಟವನ್ನು ತೆಗೆದೇಬಿಟ್ಟರು. ಹೊರಗೆ ಬೇರೆ ಲೋಟ ಇಡುವ ಅನಿಷ್ಟ ಪದ್ಧತಿ ತಲೆತಲಾಂತರದಿಂದ ಹೋಗದ್ದು ಹೀಗೆ ಒಂದೇ ಬೆಳಿಗ್ಗೆ ಹೋಯಿತು, ಅದರ ಜತೆಗೆ ಟೀಯೂ ಹೋಯಿತು. ಮುರುಗೇಶಪ್ಪನವರ ಗಿರಣಿಯ ಬೆಲ್ಟಿಗೆ ವಿಚಿತ್ರವಾದ ರೋಗ ತಗುಲಿ, ನಮ್ಮ ಚೀಲಗಳು ಬಂದಾಗ ಮಾತ್ರ ಹರಿಯತೊಡಗಿತು. ನಮ್ಮ ಹೆಂಗಸರು ಅಟ್ಟದಿಂದ ಬೀಸುಕಲ್ಲು ಇಳಿಸಿದರು. ನಾಟಿಯಲ್ಲಿ ಬಾಗಿ ಬಂದ ಬೆನ್ನಿನಲ್ಲೇ ಅಂಜಮ್ಮ ಕಲ್ಲಿನ ಮುಂದೆ ಕೂರುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಉಡಚಮ್ಮನನ್ನು ತರಗತಿಯಿಂದ ಹೊರಗೆ, ಜಗಲಿಯ ಮೇಲೆ ಕೂರಿಸಲಾಯಿತು. ಅಪ್ಪ ಕ್ಷಮಾಪಣೆ ಬರೆದುಕೊಟ್ಟ ಮೇಲೆ ಒಳಗೆ ಎಂದರು. ಕಿಟಕಿಯಿಂದ ಕರಿಹಲಗೆಯ ಅರ್ಧ ಭಾಗ ಕಾಣುತ್ತಿತ್ತಂತೆ. ಆ ಅರ್ಧವನ್ನೇ ಅವಳು ಸ್ಲೇಟಿನಲ್ಲಿ ಬರೆದುಕೊಂಡು ಬರುತ್ತಿದ್ದಳು. ಎಲ್ಲ ಪದಗಳೂ ಬಾಲವಿಲ್ಲದವು.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೇರೆ. ಆ ಹುಡುಗಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ತೂಬಿಗೆ ಬಾ ಎಂದರೆ ಬರುತ್ತಿದ್ದಳು, ತಿರುಗಿಸು ಎಂದರೆ ತಿರುಗಿಸುತ್ತಿದ್ದಳು, ನೀರು ಬಂದರೆ ನೋಡುತ್ತಿದ್ದಳು. ಒಂದು ಸಲ ಮಾತ್ರ ಅವ್ವನಿಗೆ, "ನಾನು ತಪ್ಪು ಕಲಿತ್ನಾ?" ಎಂದಳು. ಅಂಜಮ್ಮ ಬೀಸುಕಲ್ಲು ನಿಲ್ಲಿಸಿ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು.

ನಾನು ಹೆಡ್‌ಮಾಸ್ತರರ ಬಳಿ ಹೋದೆ. ಅವರು ಕೆಟ್ಟವರಲ್ಲ, ಹೆದರಿದವರು. "ನನ್ನ ಕೈಯಾಗೆ ಏನೈತ್ರಿ ಸಣ್ಣಪ್ಪ, ಸಾಹೇಬ್ರ ಹುಕುಂ. ಎಲ್ಡು ಸಾಲು ಬರ್ದು ಬಿಸಾಕ್ರಿ, ಮಗು ಒಳಗೆ ಬರ್ಲಿ" ಎಂದರು. ನಿಜ ಹೇಳಬೇಕೆಂದರೆ ನಾನು ಬರೆಯಲು ಕೂತೆ. ಅಂಜಮ್ಮ ಬೇಡವೆನ್ನಲಿಲ್ಲ. "ಬರೀರಿ. ಬರ್ದು ನನಗೆ ಓದಿ ಹೇಳ್ರಿ. ಯಾವ ತಪ್ಪು ಅಂತ ಬರೀತೀರ, ನಾನೂ ತಿಳ್ಕಂತೀನಿ" ಎಂದಳು. ತಪ್ಪಾಯಿತು ಎಂಬುದಕ್ಕೆ ಮೊದಲು ಏನು ತಪ್ಪಾಯಿತು ಎಂದು ಬರೆಯಬೇಕಾಗುತ್ತದೆ, ಮಾನ್ಯರೇ. ಅಲ್ಲಿಗೆ ಬಂದು ಲೇಖನಿ ನಿಂತಿತು.

ಬೆಳಗಾದ ಮೇಲೆ ಅಂಜಮ್ಮ ನಾಟಿಗೆ ಹೋಗಲಿಲ್ಲ. ಮೊರ, ಒಂದಿಷ್ಟು ಹುರುಳಿ ತೆಗೆದುಕೊಂಡು ಮಗಳ ಜತೆ ಶಾಲೆಗೆ ನಡೆದು, ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕೂತು ಕೇರತೊಡಗಿದಳು. ಹೆಡ್‌ಮಾಸ್ತರರು ಬಂದು ಇದೇನೆಂದರು. "ತಾಯಂದ್ರು ಮಕ್ಕಳ ಪಕ್ಕದಾಗೆ ಬಂದು ಕುಂತ್ಕಳ್ರಿ ಅಂತ ಸಾಹೇಬ್ರು ಹೇಳ್ಯಾರಲ್ರಿ. ನನ್ನ ಮಗಳು ಇಲ್ಲಿ ಕುಂತಾಳೆ, ನಾನೂ ಇಲ್ಲೇ ಕುಂತೀನಿ" ಎಂದಳು. ತಮ್ಮ ಅಪ್ಪಣೆಯನ್ನು ತಮ್ಮದೇ ಅಪ್ಪಣೆಯಿಂದ ಮುರಿಯುವುದು ಹೇಗೆಂದು ಅವರಿಗೆ ತೋಚಲಿಲ್ಲ.

ಆಮೇಲಾಮೇಲೆ ನನ್ನ ತಾಯಿ ಬಂದಳು, ಹರಿದ ಬಲೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು. ಕೇರಿಯ ಇತರ ಹೆಂಗಸರು ಬಂದರು, ಕೌದಿ ಹೊಲಿಯುವವರು, ಕಡ್ಡಿ ಸೀಳಿ ಪೊರಕೆ ಕಟ್ಟುವವರು, ಎದೆಹಾಲು ಕುಡಿಸುವವರು. ಜಗಲಿ ತುಂಬಿತು. ನನ್ನ ತಾಯಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಅವಳು ಕೆರೆಯಲ್ಲಿ ಮೊಸಳೆ ಕಂಡ ಕಥೆ ತೆಗೆದರೆ ಒಳಗೆ ಗುಣಾಕಾರದ ಪಾಠ ನಿಂತು ತರಗತಿಗೆ ತರಗತಿಯೇ ಕಿಟಕಿಗೆ ಕಿವಿ ಕೊಡುತ್ತಿತ್ತು. ಪ್ರೇಮಳಂತೂ ಕಿಟಕಿಯ ಸರಳು ಹಿಡಿದು ನಿಂತೇಬಿಟ್ಟಿದ್ದಳಂತೆ. ಊರೇ ಪುಸ್ತಕವೆಂದು ತಾವು ಹೇಳಿದ್ದು ಅಕ್ಷರಶಃ ನಿಜವಾಗಿ, ಪುಟಗಳೆಲ್ಲ ಎದ್ದು ಬಂದು ಶಾಲೆಯ ಜಗಲಿಯ ಮೇಲೆ ಕೂತಿದ್ದವು. ಅಲ್ಲಿ, ಬಲೆ ಹೆಣೆಯುತ್ತಿದ್ದ ಅಜ್ಜಿಯ ಕೈಯನ್ನೇ ನೋಡುತ್ತಿದ್ದ ಉಡಚಮ್ಮ, "ಅಜ್ಜೀ, ಬಲಿ ಕಣ್ಣು ಯಾಕೆ ಸಣ್ಣವು ಇಲ್ಲಿ, ದೊಡ್ಡವು ಅಲ್ಲಿ?" ಎಂದು ಕೇಳಿದಳು. ಅಂಜಮ್ಮ ನನಗೆ ಇದನ್ನು ಹೇಳುವಾಗ ಅತ್ತಳು. ನಾನು ತೂಬಿಗೆ ಹೊತ್ತಾಯಿತೆಂದು ಹೊರಗೆ ಹೋದೆ.

ಹೆಡ್‌ಮಾಸ್ತರರ ಕೊಠಡಿಗೆ ಹೋಗಲು ದಾರಿಯೇ ಇಲ್ಲದೆ ಹೊರಗಿನಿಂದ ಸುತ್ತಿ ಸುತ್ತಿ ಸಾಕಾದ ತಿಪ್ಪೇಶಪ್ಪನವರು ಕೊನೆಗೆ ಕೈ ಮುಗಿದರು. "ಉಡಚಮ್ಮ, ಒಳಗೆ ಬಂದು ಕುಂತ್ಕ ತಾಯಿ. ನಿಮ್ಮೋರ್ನೆಲ್ಲ ಮನಿಗೆ ಹೋಗಾಕೆ ಹೇಳು." ಹೀಗಾಗಿ ಅವಳು ಯಾವ ಕಾಗದವೂ ಇಲ್ಲದೆ ತರಗತಿಯೊಳಗೆ ಹೋದಳು. ಹೆಡ್‌ಮಾಸ್ತರರ ಮೇಲೆ ತಾವು ಸಿಟ್ಟಾಗಬಾರದೆಂದು ಪ್ರಾರ್ಥನೆ. ಅವರು ಧೈರ್ಯ ಮಾಡಿದ್ದಲ್ಲ, ಜಾಗ ಸಾಲಲಿಲ್ಲ.

ಗಿರಣಿಯ ಬೆಲ್ಟಿನ ವಿಷಯವನ್ನೂ ತಿಳಿಸಿಬಿಡುತ್ತೇನೆ. ಬಹುಮಾನ ಪಡೆದ ಮಗುವಾದ್ದರಿಂದ ಪ್ರೇಮ ತಮ್ಮ ಮಾತನ್ನು ನಮಗಿಂತಲೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಉಡಚಮ್ಮನ ರಾಗಿ ಯಾಕೆ ಬೀಸೋದಿಲ್ಲ ಎಂದು ಅಪ್ಪನನ್ನು ಊಟಕ್ಕೆ ಕೂತಾಗ ಕೇಳುವಳು, ಎದ್ದಾಗ ಕೇಳುವಳು. ಗದರಬಾರದೆಂದು ವೇದಿಕೆಯ ಮೇಲೆ ತಲೆಯಾಡಿಸಿದ್ದ ಮುರುಗೇಶಪ್ಪನವರು ಗದರಿದರು. ಅವಳು ಅತ್ತು ಮತ್ತೆ ಕೇಳಿದಳು. ಸಂತೇಬೆನ್ನೂರು ಸಂತೆಯ ಬೆಳಿಗ್ಗೆ, ಗಿರಣಿಯ ಮುಂದೆ ಜನ ಜಾತ್ರೆಯಾಗಿದ್ದಾಗ, ಅಂಜಮ್ಮ ಚೀಲ ಹೊತ್ತು ಹೋದಳು. ಬೆಲ್ಟು ಹರಿದಿದೆ ಎಂಬ ಉತ್ತರ ಬಂತು. ಹಿಂದೆಯೇ ಪ್ರೇಮ ತನ್ನ ಮನೆಯ ಗೋಧಿ ಡಬ್ಬ ಎತ್ತಿಕೊಂಡು ಬಂದಳು. ಒಳಗೆ ಬಾ ಎಂದು ಅಪ್ಪ ಕರೆದರೆ, ಡಬ್ಬವನ್ನು ಅಂಜಮ್ಮನ ಚೀಲದ ಹಿಂದೆ ಇಟ್ಟು ಅದರ ಮೇಲೆ ಕೂತಳು.

"ಅವ್ರು ಮೊದ್ಲು ಬಂದಾರಪ್ಪ. ಬೆಲ್ಟು ಸರಿ ಮಾಡಿ ಅವರ್ದು ಹಾಕು. ಆಮ್ಯಾಲೆ ನಮ್ದು ಹಾಕು."

"ಏಳೇ ಮ್ಯಾಕೆ!"

"ನಾನು ಏಳಾಕಿಲ್ಲ."

ಸಂತೆಗೆ ಹೊರಟ ಜನವೆಲ್ಲ ನಿಂತು ನೋಡುತ್ತಿತ್ತು. ಮುರುಗೇಶಪ್ಪನವರು ಮಗಳನ್ನು ಎಳೆಯಲು ಕೈ ಎತ್ತಿದರು, ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಇಳಿಸಿದರು, ಒಳಗೆ ಹೋದರು. ಬೆಲ್ಟು ತಾನಾಗಿಯೇ ಗುಣವಾಯಿತು. ಹರಳೆಣ್ಣೆ ಕುಡಿದ ಮುಖದಲ್ಲಿ ನಮ್ಮ ರಾಗಿ ಸುರಿದುಕೊಂಡರು. ಅಂದಿನಿಂದ ಪ್ರೇಮ ಗಿರಣಿಯಲ್ಲಿದ್ದ ದಿನ ಬಂದವರ ಸರದಿ ಬಂದಂತೆ ನಡೆಯುತ್ತದೆ. ಅವಳಿಲ್ಲದ ದಿನ ಬೆಲ್ಟಿಗೆ ಹಳೆಯ ರೋಗ ಒಮ್ಮೊಮ್ಮೆ ಮರುಕಳಿಸುತ್ತದೆ. ಹೋಟೆಲಿನಲ್ಲಿ ಟೀ ಇನ್ನೂ ಇಲ್ಲ. ಎಲ್ಲವೂ ನೆಟ್ಟಗಾಯಿತೆಂದು ತಮಗೆ ಸುಳ್ಳು ವರದಿ ಕೊಡಲಾರೆ. ಅಂಥ ವರದಿಗಳು ತಮ್ಮಲ್ಲಿ ಈಗಾಗಲೇ ಸಾಕಷ್ಟು ಇರಬಹುದು.

ಮಗಳು ಒಳಗೆ ಹೋದ ಮೇಲೂ ಕಡತಕ್ಕಾಗಿ ಒಂದು ಕ್ಷಮಾಪಣೆ ಬೇಕೇ ಬೇಕೆಂದು ತಾವು ಕೇಳಿದ್ದೀರಿ. ಆದ್ದರಿಂದ ಮನಃಪೂರ್ವಕವಾಗಿ ಕೋರುತ್ತೇನೆ. ತಾವು ಕಲಿಸಿ ಎಂದದ್ದನ್ನು ಕಲಿಸಿದ್ದಕ್ಕೆ ಕ್ಷಮೆ. ಮಜ್ಜಿಗೆ ಕಡೆಯುವುದೂ ಕಾದು ನಿಲ್ಲುವುದೂ ಎರಡೂ ಊರಿನ ಪಾಠವೇ ಆದರೂ ಒಂದಕ್ಕೆ ಮಾತ್ರ ಬಹುಮಾನವಿದೆ ಎಂಬುದನ್ನು ಮೊದಲೇ ತಿಳಿಯದೆ ಹೋದದ್ದಕ್ಕೆ ಕ್ಷಮೆ. ನಾನು ಇಷ್ಟು ವರ್ಷ ಒಂದೇ ತೂಬಿನಿಂದ ಒಂದೇ ನೀರನ್ನು ಯಾರ ಹೊಲ ಯಾರದೆಂದು ನೋಡದೆ ಬಿಟ್ಟು ಬಂದ ಬೇಜವಾಬ್ದಾರಿ ನೌಕರನಾದ್ದರಿಂದ, ಮೊದಲು ಹರಿಯಬೇಕಾದ ನೀರು ಯಾವುದು, ಕಡೆಗೆ ಹರಿಯಬೇಕಾದ್ದು ಯಾವುದು ಎಂದು ಬೇರ್ಪಡಿಸುವ ಯಂತ್ರವೊಂದನ್ನು ತಾವು ಸರ್ಕಾರಕ್ಕೆ ಶಿಫಾರಸು ಮಾಡಿ ಕೊಡಿಸಬೇಕು. ಹಾಗೆಯೇ ಮುಂದಿನ ಸಪ್ತಾಹಕ್ಕೆ ಮುನ್ನ ನಮ್ಮ ಮಕ್ಕಳು ಊರಿನ ಯಾವ ಯಾವ ಬೀದಿಯಲ್ಲಿ ಕಣ್ಣು ಬಿಡಬಹುದು, ಯಾವ ತಿರುವಿನಲ್ಲಿ ಮುಚ್ಚಿಕೊಳ್ಳಬೇಕು ಎಂದು ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆಸಿದರೆ ಮಹದುಪಕಾರವಾಗುತ್ತದೆ. ಇದ್ಯಾವುದೂ ಆಗದಿದ್ದರೆ, ವೇದಿಕೆಯ ಮೇಲೆ ಅವಳು ಕೇಳಿದ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬರೆದು ಕಳಿಸಿದರೂ ಸಾಕು. ಅವಳು ಈಗ ಇಡೀ ಕರಿಹಲಗೆಯನ್ನು ಓದುತ್ತಾಳೆ.

ತಮ್ಮ ಅಪ್ಪಣೆಗಳನ್ನೆಲ್ಲ ಇನ್ನು ಮುಂದೆಯೂ ಹೀಗೆಯೇ ತಪ್ಪದೆ ಪಾಲಿಸಲಿರುವ,

ತಮ್ಮ ವಿಶ್ವಾಸಿ,
ಸಣ್ಣಪ್ಪ
(ಅಂಜಮ್ಮ ಓದಿಸಿ ಕೇಳಿ ಒಪ್ಪಿದ್ದಾಳೆ)

ತಾ.ಕ.: ಬೇಸಿಗೆ ರಜೆಯಲ್ಲಿ ಬೇರೆ ಊರಿನ ಮನೆಯೊಂದರಲ್ಲಿ ಒಂದು ದಿನ ಇದ್ದು ಕಲಿಯುವ ಕಾರ್ಯಕ್ರಮವನ್ನೂ ತಾವು ಹಾಕಿಕೊಂಡಿದ್ದೀರೆಂದು ಹೆಡ್‌ಮಾಸ್ತರರು ಹೇಳಿದರು. ಉಡಚಮ್ಮ ಬಹಳ ಆಸೆಯಿಂದ ತಮ್ಮ ಮನೆಯನ್ನೇ ಆರಿಸಿಕೊಂಡಿದ್ದಾಳೆ. ಚನ್ನಗಿರಿಯ ಬಸ್ಸಿಗೆ ನಾನೇ ಹತ್ತಿಸಿ ಕಳಿಸುತ್ತೇನೆ. ತಮ್ಮ ಮನೆಗೆ ಎಷ್ಟು ಬಾಗಿಲು, ಅವಳು ಯಾವ ಬಾಗಿಲಿನಿಂದ ಬರಬೇಕು ಎಂಬುದನ್ನು ಮಾತ್ರ ಈಗಲೇ ತಿಳಿಸಿಬಿಟ್ಟರೆ, ಅಲ್ಲಿಗೆ ಬಂದು ಆ ಮಗು ಮತ್ತೆ ತಮ್ಮನ್ನೇ ಕೇಳುವುದು ತಪ್ಪುತ್ತದೆ.